ಮಾಸ್ಟರ್ ಅಳತೆಯ ಟ್ರ್ಯಾಕ್ಟರ್

ಅಳತೆಯ ವಿಷಯದಲ್ಲಿ ನಮ್ಮ ಬೀದಿಯಲ್ಲಿ ಟೈಲರ್ ಮಾಸ್ಟರ್ ಮಾತಿಗೆ ಎದುರು ಮಾತಿಲ್ಲ. ಎದುರಾಡಬೇಕಾದವರ ಬಟ್ಟೆಯೆಲ್ಲ ಅವರ ಅಂಗಡಿಯಲ್ಲೇ ಬಿದ್ದಿರುತ್ತದೆ ಎನ್ನುವುದು ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣ, ಅವರು ಹೊಲಿದ ಬಟ್ಟೆ ಇದುವರೆಗೆ ಯಾರಿಗೂ ಬಿಗಿಯಾಗಿದ್ದಿಲ್ಲ. "ದೊಡ್ಡದಾದ್ರೆ ಒಳಗೆ ಹಿಡಿದು ಹೊಲೀಬಹುದು. ಚಿಕ್ಕದಾದ್ರೆ ಬಟ್ಟೆ ಎಲ್ಲಿಂದ ತರ್ತೀರಿ?" ಎಂಬುದು ಅವರ ಸಿದ್ಧಾಂತ. ಈ ಸಿದ್ಧಾಂತದ ಪ್ರಕಾರ ನನಗೆ ಹೊಲಿದುಕೊಟ್ಟ ಪ್ಯಾಂಟಿನಲ್ಲಿ ನಾನೂ ನನ್ನ ತಮ್ಮನೂ ಒಟ್ಟಿಗೆ ಪೇಟೆಗೆ ಹೋಗಿಬರಬಹುದು. ಕೇಳಿದರೆ, "ಮಾರ್ಜಿನ್ ಇದೆ, ಯೋಚನೆ ಮಾಡಬೇಡಿ" ಎನ್ನುತ್ತಾರೆ. ನಾನು ಯೋಚನೆ ಮಾಡುವುದನ್ನು ಬಿಟ್ಟು ಬೆಲ್ಟ್ ಹಾಕಿಕೊಂಡೆ.

ಮಾಸ್ಟರ್ ಕುತ್ತಿಗೆಯಲ್ಲಿ ಸದಾ ಜೋತಾಡುವ ಟೇಪಿನ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಆ ಟೇಪಿಗೆ ಮೊದಲ ಎರಡು ಇಂಚು ಇಲ್ಲ. ಯಾವುದೋ ಕಾಲದಲ್ಲಿ ಇಸ್ತ್ರಿಪೆಟ್ಟಿಗೆಯ ಕೆಳಗೆ ಸಿಕ್ಕಿ ಅಷ್ಟು ಭಾಗ ಕರಕಲಾಗಿತ್ತು. ಮಾಸ್ಟರ್ ಕರಕಲನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ಮತ್ತೆ ಕುತ್ತಿಗೆಗೆ ಹಾಕಿಕೊಂಡರು. ಅಂದಿನಿಂದ ಟೇಪು ಏನು ತೋರಿಸಿದರೂ ಅದರಲ್ಲಿ ಎರಡು ಕಳೆದು ಬರೆದುಕೊಳ್ಳುವುದು ಪದ್ಧತಿ. "ಹೊಸದೊಂದು ತಗೊಳ್ಳಿ ಮಾಸ್ಟ್ರೇ" ಎಂದು ಗಿರಾಕಿಗಳು ಹೇಳಿ ಸೋತರು. ಇದು ಕೈಗೆ ಒಗ್ಗಿದೆ ಎಂದು ಅವರ ಉತ್ತರ. ಕೈಗೆ ಒಗ್ಗಿದ್ದು ತಲೆಗೂ ಒಗ್ಗಿತು. ಗಿರಾಕಿ ತಾನಾಗಿ "ನನ್ನ ಸೊಂಟ ಮೂವತ್ತಾರು" ಎಂದರೆ ಮಾಸ್ಟರ್ ಮೂವತ್ತನಾಲ್ಕು ಎಂದು ಬರೆದುಕೊಂಡು, ಆಮೇಲೆ ಸಿದ್ಧಾಂತದ ಪ್ರಕಾರ ನಲವತ್ತಕ್ಕೆ ಹೊಲಿಯುತ್ತಿದ್ದರು. ಊಟಕ್ಕೆ ಎಂಟು ಜನ ಬರುತ್ತಾರೆ ಎಂದು ಹೆಂಡತಿ ಹೇಳಿದರೆ ಆರು ತಟ್ಟೆ ಇಟ್ಟು ಕೂರುತ್ತಿದ್ದರು. ಇದನ್ನು ಯಾರೂ ತಪ್ಪು ಎಂದು ತಿಳಿದಿರಲಿಲ್ಲ, ಮಾಸ್ಟರ್ ಸ್ವಭಾವ ಎಂದು ತಿಳಿದಿದ್ದರು.

ಊರ ಹೊರಗೆ ಮಾಸ್ಟರ್ ಹೆಂಡತಿಯ ಪಾಲಿಗೆ ತಂದೆಯಿಂದ ಬಂದ ತುಂಡು ಜಮೀನಿದೆ. ಅಂಚಿಗೆ ಹಣ್ಣಿನ ಗಿಡಗಳ ಸಾಲು, ನಡುವೆ ತರಕಾರಿ ಹಾಕುವ ನೆಲ. ಓಣಿಯ ಕಡೆ ಒಂದು ಕಬ್ಬಿಣದ ಗೇಟು, ಅದರ ಎರಡು ಪಕ್ಕದಲ್ಲಿ ತಂದೆಯೇ ಕೈಯಾರೆ ಕಟ್ಟಿದ ಕಲ್ಲಿನ ಕಂಬಗಳು. ಜಮೀನಿನ ಇನ್ನರ್ಧ ಆಕೆಯ ಅಕ್ಕನದು. ಎರಡರ ನಡುವೆ ತಂತಿಬೇಲಿ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಗಾದೆ ಮಾಡಿದವರು ಈ ಬೇಲಿಯನ್ನು ನೋಡಿರಲಾರರು. ನೋಡಿದ್ದರೆ ಅದನ್ನು ಗಾದೆ ಎನ್ನದೆ ವರದಿ ಎನ್ನುತ್ತಿದ್ದರು. ಅಕ್ಕನ ಗಂಡ, ಅಂದರೆ ಮಾಸ್ಟರ್ ಷಡ್ಡಕರು, ಒಂದು ದೊಡ್ಡ ಟ್ರ್ಯಾಕ್ಟರ್ ಇಟ್ಟಿದ್ದರು. ಪ್ರತಿವರ್ಷ ಮಳೆಗೆ ಮುಂಚೆ ನಾದಿನಿಯ ನೆಲವನ್ನೂ ಧರ್ಮಕ್ಕೆ ಉತ್ತುಕೊಡುತ್ತಿದ್ದರು. ಅಷ್ಟು ದೊಡ್ಡ ಗಾಡಿ ಗೇಟಿನಲ್ಲಿ ಬರುವುದಿಲ್ಲ. ಆದ್ದರಿಂದ ಬೇಲಿ ಕೀಳಬೇಕು. ಉತ್ತಾದ ಮೇಲೆ ಬೇಲಿ ಮತ್ತೆ ಹಾಕಬೇಕು. ಹಾಕಿದಾಗಲೆಲ್ಲ ಅದು ಒಂದು ಹೆಜ್ಜೆ ಈಚೆಗೆ ಬಂದಿರುತ್ತಿತ್ತು. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ ಷಡ್ಡಕರು ನಕ್ಕು, "ಬೇಲಿ ಅಂದ್ಮೇಲೆ ಕೈ ಒಂಚೂರು ಆಚೀಚೆ ಆಗತ್ತೆ. ನಮ್ಮ ನಮ್ಮಲ್ಲಿ ಅದೇನು ದೊಡ್ಡದು" ಎಂದಿದ್ದರು. ಕೈ ಯಾವತ್ತೂ ಈಚೆಗೇ ಆಗುತ್ತಿತ್ತು, ಆಚೆಗೆ ಆಗಿದ್ದಿಲ್ಲ.

ಆ ಬೇಲಿಯ ಪಕ್ಕದಲ್ಲಿ ಒಂದು ನಿಂಬೆಗಿಡ. ಮಾಸ್ಟರ್ ಹೆಂಡತಿ ಲಂಗ ಹಾಕುವ ವಯಸ್ಸಿನಲ್ಲಿ ಅಪ್ಪನ ಜೊತೆ ಸೇರಿ ನೆಟ್ಟದ್ದು. ಆಗ ಗಿಡಕ್ಕೂ ಬೇಲಿಗೂ ನಡುವೆ ಚಾಪೆ ಹಾಸಿ ಮಲಗುವಷ್ಟು ಜಾಗವಿತ್ತು. ಕಳೆದ ವರ್ಷ ಬೇಲಿಯ ತಂತಿ ಗಿಡದ ಕಾಂಡಕ್ಕೇ ಒರಗಿಕೊಂಡು ನಿಂತಿತ್ತು. ಈ ವರ್ಷ ಬೇಲಿ ಇನ್ನೊಂದು ಸಲ ಎದ್ದು ಕೂತರೆ ನಿಂಬೆಗಿಡ ಆಚೆ ಮನೆಯದಾಗುತ್ತದೆ ಎಂದು ಆಕೆಗೆ ಗೊತ್ತಿತ್ತು. ಅಕ್ಕನ ಹತ್ತಿರ ಇದನ್ನು ಹೇಳಲು ಬಾಯಿ ಬರದು. ಒಂದು ಗಿಡಕ್ಕೆ ಅಕ್ಕನ ಮನೆ ಕಳಕೊಂಡಳು ಎಂದು ನಾಳೆ ನೆಂಟರು ಆಡಿಕೊಳ್ಳುತ್ತಾರೆ. ಒಳಗೊಳಗೇ ಸಂಕಟಪಟ್ಟು ಆಕೆ ಒಂದು ತೀರ್ಮಾನಕ್ಕೆ ಬಂದಿದ್ದರು.

ತೀರ್ಮಾನ ಹೊರಬಿದ್ದದ್ದು ಅಕ್ಕನ ಮನೆಯ ಊಟದ ಮೇಜಿನ ಮುಂದೆ.

"ಈ ಸಲ ಬೇಲಿ ಬೇಗ ತೆಗೆಸಿಬಿಡೋಣ" ಎಂದರು ಷಡ್ಡಕರು, ಕೈ ತೊಳೆಯಲು ಏಳುತ್ತ.

"ಈ ಸಲ ಬೇಡ ಭಾವ. ನಿಮಗೆ ವರ್ಷವರ್ಷ ಯಾಕೆ ತೊಂದರೆ? ನಾವೇ ಒಂದು ಚಿಕ್ಕ ಟ್ರ್ಯಾಕ್ಟರ್ ತಗೋತಿದೀವಿ. ನಮ್ಮ ಗೇಟಲ್ಲೇ ಬರೋ ಅಂಥದ್ದು."

ಈ ಸುದ್ದಿಯನ್ನು ಮಾಸ್ಟರ್ ಕೂಡ ಆಗಲೇ ಕೇಳಿದ್ದು. ಆದರೆ ಹೆಂಡತಿ ನಾಲ್ಕು ಜನರ ಮುಂದೆ ಹೇಳಿದ್ದಕ್ಕೆ ಹೂಂಗುಟ್ಟುವುದು ಅವರ ಸಂಸಾರದ ಕಟ್ಟಳೆ. ಬಾಯಲ್ಲಿದ್ದ ತುತ್ತು ನುಂಗಿ, "ಹೌದು, ನೋಡ್ತಾ ಇದೀನಿ" ಎಂದರು.

ಷಡ್ಡಕರು ಮತ್ತೆ ಕೂತರು. "ಟ್ರ್ಯಾಕ್ಟರ್ ತಗೊಳ್ಳೋದು ಅಂದ್ರೆ ಪ್ಯಾಂಟ್ ಹೊಲಿದ ಹಾಗಲ್ಲ ಕಣಪ್ಪ."

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಮಾಸ್ಟರಿಗೆ ಎಲ್ಲಿಂದಲೋ ಆವೇಶ ಬಂತು. "ಪ್ಯಾಂಟ್ ಹೊಲಿದ ಹಾಗೇ ಅಣ್ಣ. ಹಾಕ್ಕೊಳ್ಳೋರ ಅಳತೆ ತಗೋಬೇಕು, ಬಟ್ಟೆ ಅಳತೆ ತಗೋಬೇಕು, ಅಷ್ಟೆ. ನಾನು ತರೋ ಟ್ರ್ಯಾಕ್ಟರ್ ಗೇಟಿನ ಕಂಬಕ್ಕೆ ಒಂದು ನೂಲಿನಷ್ಟು ತಾಗಿದ್ರೂ ಬೇಲಿ ನಾನೇ ಬಂದು ನನ್ನ ಕೈಯಾರೆ ಕಿತ್ತುಕೊಡ್ತೀನಿ."

"ಎಲ್ಲರೂ ಕೇಳಿಸಿಕೊಂಡ್ರಲ್ಲ?" ಎಂದರು ಷಡ್ಡಕರು. ಎಲ್ಲರೂ ಕೇಳಿಸಿಕೊಂಡಿದ್ದರು. ಮಾಸ್ಟರ್ ಹೆಂಡತಿ ಗಂಡನ ಕಡೆ ಒಂದು ಸಲ ನೋಡಿ, ನೀರಿನ ಲೋಟ ಅವರ ಹತ್ತಿರ ಸರಿಸಿದರು.

ಸುದ್ದಿ ಬೀದಿಗೆ ಬಂತು. ಸಲಹೆ ಕೊಡಲು ಟ್ರ್ಯಾಕ್ಟರ್ ಗೊತ್ತಿರಬೇಕೆಂದೇನೂ ಇಲ್ಲ. ಎದುರುಗಡೆ ಕ್ಷೌರದಂಗಡಿಯವರು ಅರ್ಧ ಗಡ್ಡಕ್ಕೆ ನೊರೆ ಹಚ್ಚಿದ ಗಿರಾಕಿಯನ್ನು ಅಲ್ಲೇ ಬಿಟ್ಟು ಬಂದರು. "ಮಾಸ್ಟ್ರೇ, ತಗೊಳ್ಳೋದು ತಗೋತೀರಿ, ದೊಡ್ಡದೇ ತಗೊಳ್ಳಿ. ಚಿಕ್ಕದ್ರಲ್ಲಿ ಕೂತ್ಕೊಂಡ್ರೆ ಮಕ್ಕಳ ಸೈಕಲ್ ಮೇಲೆ ಮಾವ ಕೂತ ಹಾಗೆ ಕಾಣ್ತೀರಿ."

ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರು ಬೇರೆ ದಿಕ್ಕಿನಿಂದ ಬಂದರು. "ಎಷ್ಟು ಅಶ್ವಶಕ್ತಿ ನೋಡ್ತಿದೀರಿ?"

"ಇಪ್ಪತ್ತರ ಆಸುಪಾಸು ಅಂತಾರೆ."

"ಇಪ್ಪತ್ತು ಕುದುರೆ ಸಾಕಾಗತ್ತಾ? ಕುದುರೆಗಳಿಗೂ ವಯಸ್ಸಾಗತ್ತೆ ಮಾಸ್ಟ್ರೇ. ಹತ್ತು ವರ್ಷ ಬಿಟ್ಟು ಅದರಲ್ಲಿ ಎಷ್ಟು ಉಳಿದಿರತ್ತೆ?"

ಕುದುರೆಗಳು ಸಾಯುವ ಈ ಲೆಕ್ಕವನ್ನು ಮಾಸ್ಟರ್ ಬೆರಳು ಮಡಚಿ ಎಣಿಸತೊಡಗಿದರು. ಮಾಸ್ಟರ್ ಹೆಂಡತಿ ಮಾತ್ರ ಅಂಗಡಿಯ ಮೂಲೆಯಲ್ಲಿ ಶಾಲೆಯ ಸಮವಸ್ತ್ರಕ್ಕೆ ಕಾಜಾ ಹಾಕುತ್ತ, ತಲೆ ಎತ್ತದೆ ಹೇಳಿದರು: "ಗೇಟಲ್ಲಿ ಬರಬೇಕು. ಗಿಡಗಳ ಮಧ್ಯೆ ತಿರುಗಬೇಕು. ನನ್ನ ಕಾಲಿಗೆ ಪೆಡಲ್ ಸಿಗಬೇಕು. ಎಲ್ಲಕ್ಕಿಂತ ಚಿಕ್ಕದು ಸಾಕು."

ಟ್ರ್ಯಾಕ್ಟರ್ ಆಯ್ಕೆಯ ಬಗ್ಗೆ ಅದಕ್ಕಿಂತ ಹೆಚ್ಚು ಹೇಳುವುದು ಏನೂ ಇಲ್ಲ ಎಂದು ನನಗೆ ಈಗ ಅನಿಸುತ್ತದೆ. ಆಗ ಯಾರಿಗೂ ಹಾಗೆ ಅನಿಸಲಿಲ್ಲ. ಮಾಸ್ಟರ್ ಹೋಗಿ ಗೇಟಿನ ಕಂಬಗಳ ನಡುವಿನ ಅಗಲವನ್ನು ತಮ್ಮ ಟೇಪಿನಿಂದ ಅಳೆದರು, ಪದ್ಧತಿಯಂತೆ ಎರಡು ಕಳೆದರು, ಮನಸ್ಸಿನಲ್ಲಿಟ್ಟುಕೊಂಡರು. ಆ ಅಳತೆ ಸರಿಯಾಗಿಯೇ ಇತ್ತು.

ಶೋರೂಮಿಗೆ ಅವರ ಜೊತೆ ನಾನೂ ಹೋಗಿದ್ದೆ. ಹೆಂಡತಿಗೆ ಬರಲು ಆಗಲಿಲ್ಲ, ಸಮವಸ್ತ್ರ ಮರುದಿನ ಕೊಡಬೇಕಿತ್ತು. ಒಳಗೆ ಮೂರು ಗಾತ್ರದ ಟ್ರ್ಯಾಕ್ಟರುಗಳು ಒಂದೇ ಬಣ್ಣ ಬಳಿದುಕೊಂಡು ಅಣ್ಣತಮ್ಮಂದಿರಂತೆ ನಿಂತಿದ್ದವು. ಮಾರಾಟಗಾರ ಒಳ್ಳೆಯ ಮನುಷ್ಯ. ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳದೆ ಗಿರಾಕಿಯನ್ನು ಬಿಡುವವನಲ್ಲ.

"ಎಷ್ಟು ಜಾಗ ಸರ್? ಇಳಿಜಾರು ಇದೆಯಾ? ಏನೇನು ಕೆಲಸ, ಬರೀ ಉಳೋದಾ, ಹುಲ್ಲು ಕತ್ತರಿಸೋದೂ ಇದೆಯಾ?"

"ಅದು ಬೆಳೆಯೋ ಜಮೀನು" ಎಂದರು ಮಾಸ್ಟರ್.

"ಏನು ಬೆಳೀತೀರಿ?"

"ನಾನು ಹೇಳಿದ್ದು ಅದಲ್ಲ. ಇವತ್ತಿನ ಅಳತೆಗೆ ತಗೋಬಾರದು ಅಂತ. ಒಂದು ಸೈಜ್ ಜಾಸ್ತಿ ಇರಲಿ."

ಮಾರಾಟಗಾರ ಚಿಕ್ಕದನ್ನು ಬಿಟ್ಟು ನಡುವಿನದರ ಹತ್ತಿರ ಕರೆದೊಯ್ದ. ಬಾನೆಟ್ಟು ಎತ್ತಿ ತೋರಿಸಿದ. ಎಣ್ಣೆ ಯಾವಾಗ ಬದಲಾಯಿಸಬೇಕು, ಹಿಂದಿನ ನೇಗಿಲು ಹೇಗೆ ಎತ್ತಬೇಕು, ಹಿಂದಿನ ಚಕ್ರ ಹೇಗೆ ಬಿಚ್ಚಿ ಹೇಗೆ ಹಾಕಬಹುದು ಎಂದು ಒಂದೂ ಬಿಡದೆ ವಿವರಿಸಿದ. ಮಾಸ್ಟರ್ ಅಷ್ಟು ಹೊತ್ತೂ ಬಗ್ಗಿ ಸೀಟಿನ ಹೊಲಿಗೆ ನೋಡುತ್ತಿದ್ದರು. ಉಗುರಿನಿಂದ ದಾರ ಎಳೆದು ನೋಡಿ, "ಇದನ್ನ ಹೊಲಿದವರು ಯಾರು? ಮೂಲೆಯಲ್ಲಿ ಎರಡನೇ ಹೊಲಿಗೆ ಹಾಕಿಲ್ಲ. ಒಂದು ಮಳೆಗಾಲಕ್ಕೆ ಬಾಯಿ ಬಿಡತ್ತೆ" ಎಂದರು. ಮಾರಾಟಗಾರನಿಗೆ ಇಂಥ ಪ್ರಶ್ನೆ ಹೊಸದು. ಕಂಪನಿಗೆ ತಿಳಿಸುತ್ತೇನೆ ಎಂದ.

ಆಮೇಲೆ ಅಗಲ. ಮಾಸ್ಟರ್ ಕುತ್ತಿಗೆಗೆ ಕೈ ಹಾಕಿದರು. ಟೇಪು ಇರಲಿಲ್ಲ. ಸಮವಸ್ತ್ರದ ಅವಸರದಲ್ಲಿ ಹೆಂಡತಿ ಅದನ್ನು ಇಟ್ಟುಕೊಂಡಿದ್ದರು. ಮಾರಾಟಗಾರ ತನ್ನ ಸ್ಟೀಲ್ ಟೇಪು ಚಾಚಿ, ಹಿಂದಿನ ಚಕ್ರದಿಂದ ಚಕ್ರಕ್ಕೆ ಹಿಡಿದು, ಅಳತೆ ಓದಿದ. ಮಾಸ್ಟರ್ ಒಂದು ಕ್ಷಣ ಕಣ್ಣು ಮುಚ್ಚಿದರು. ತುಟಿ ಅಲುಗಿತು. "ಬರತ್ತೆ. ಗೇಟಿಗೆ ಹೇಳಿ ಹೊಲಿಸಿದ ಹಾಗೆ ಕೂರತ್ತೆ" ಎಂದರು. ಕೂಡಿಟ್ಟ ಹಣವೆಲ್ಲ ಆ ಸಂಜೆ ಅಲ್ಲಿಗೆ ಸಂದಾಯವಾಯಿತು.

ಗಾಡಿ ಬರುವ ದಿನ ಓಣಿಯಲ್ಲಿ ಜನ ಸೇರಿದ್ದರು. ಅಕ್ಕ ಬಂದಿದ್ದರು, ಷಡ್ಡಕರು ಬಂದಿದ್ದರು. ಷಡ್ಡಕರ ಕೈಯಲ್ಲಿ ಹಾರೆಯಿತ್ತು. ಯಾಕೆ ಎಂದು ಯಾರೂ ಕೇಳಲಿಲ್ಲ. ಶೋರೂಮಿನ ಚಾಲಕ ಟ್ರ್ಯಾಕ್ಟರನ್ನು ಲಾರಿಯಿಂದ ಇಳಿಸಿ, ಓಣಿಗೆ ಅಡ್ಡ ತಿರುಗಿಸಿ, ಗೇಟಿನತ್ತ ಮುಖ ಮಾಡಿದ. ಮಾಸ್ಟರ್ ಒಳಗೆ ನಿಂತು, ಮದುಮಗನನ್ನು ಬರಮಾಡಿಕೊಳ್ಳುವ ಬೀಗರಂತೆ ಎರಡೂ ಕೈ ಚಾಚಿ, "ಬನ್ನಿ, ಬನ್ನಿ, ನೇರವಾಗಿ ಬನ್ನಿ" ಎಂದು ಕರೆದರು.

ಮೂತಿ ಬಂತು. ಮುಂದಿನ ಚಕ್ರಗಳು ಬಂದವು. ಕ್ಷೌರದಂಗಡಿಯವರು ಚಪ್ಪಾಳೆ ತಟ್ಟಲು ಕೈ ಎತ್ತಿದರು. ಅಷ್ಟರಲ್ಲಿ ಎರಡು ಕಡೆಯಿಂದಲೂ ರಬ್ಬರು ಕಲ್ಲಿಗೆ ಉಜ್ಜುವ ಸದ್ದಾಗಿ ಟ್ರ್ಯಾಕ್ಟರ್ ನಿಂತುಬಿಟ್ಟಿತು. ಹಿಂದಿನ ಚಕ್ರಗಳು ಎರಡು ಕಂಬಗಳಿಗೂ ಒತ್ತಿಕೊಂಡಿದ್ದವು. ಅರ್ಧ ಗಾಡಿ ಜಮೀನಿನಲ್ಲಿ, ಅರ್ಧ ಗಾಡಿ ಓಣಿಯಲ್ಲಿ.

"ಸ್ವಲ್ಪ ಒತ್ತಿ ನೋಡಿ" ಎಂದರು ಮಾಸ್ಟರ್.

"ಇದು ಬಟ್ಟೆ ಅಲ್ಲ ಸರ್, ಎಳೆದ್ರೆ ಬರಲ್ಲ" ಎಂದು ಚಾಲಕ ಎಂಜಿನ್ ನಿಲ್ಲಿಸಿದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಾಸ್ಟರ್ ಕಂಬಗಳನ್ನು ಮೇಲಿಂದ ಕೆಳಗೆ ನೋಡಿ, "ಬಿಸಿಲಿಗೆ ಕಲ್ಲು ಹಿಗ್ಗಿದೆ" ಎಂದರು. ಮ್ಯಾನೇಜರು ಹಾಗಾದರೆ ಸಂಜೆವರೆಗೆ ಕಾಯೋಣ ಎಂದರು. ಹೆಂಡತಿ ತಮ್ಮ ಹೆಗಲ ಮೇಲಿದ್ದ ಟೇಪನ್ನು ಗಂಡನಿಗೆ ಕೊಟ್ಟರು. ಮಾಸ್ಟರ್ ಟ್ರ್ಯಾಕ್ಟರಿನ ಹಿಂಭಾಗ ಅಳೆದರು, ಎರಡು ಕಳೆದರು, ಮತ್ತೆ ಅಳೆದರು, ಮತ್ತೆ ಕಳೆದರು. ಮುಖದಲ್ಲಿ ಬೆವರು ಕಾಣಿಸಿಕೊಂಡಿತು.

"ಶೋರೂಮಲ್ಲಿ ಯಾವ ಟೇಪಲ್ಲಿ ಅಳೆದ್ರಿ?" ಎಂದು ಹೆಂಡತಿ ಕೇಳಿದರು.

"ಅವರದ್ದೇ. ಸ್ಟೀಲಿಂದು."

"ಪೂರ್ತಿ ಇತ್ತಾ ಅದು?"

"ಹೊಸದು. ಫಳಫಳ ಅಂತಿತ್ತು."

"ಎರಡು ಕಳೆದ್ರಾ?"

"ಕಳೀದೇ ಬಿಡ್ತೀನಾ?" ಎಂದರು ಮಾಸ್ಟರ್ ಹೆಮ್ಮೆಯಿಂದ. ಹೇಳಿ ಮುಗಿಸಿದ ಮೇಲೆ ಅವರ ಬಾಯಿ ಹಾಗೇ ತೆರೆದುಕೊಂಡು ನಿಂತಿತು. ಕ್ಷೌರದಂಗಡಿಯವರು ಮೆಲ್ಲಗೆ, "ಪಾಪ, ಅಭ್ಯಾಸ" ಎಂದರು.

ಷಡ್ಡಕರು ಹಾರೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಅವರ ಮುಖದಲ್ಲಿ ನಗುವಿರಲಿಲ್ಲ, ಉಪಕಾರ ಮಾಡುವವರ ಗಾಂಭೀರ್ಯವಿತ್ತು. "ಆಗಿದ್ದಾಯ್ತು ಬಿಡು. ಮನುಷ್ಯ ಅಂದ್ಮೇಲೆ ತಪ್ಪು ಆಗತ್ತೆ. ನನ್ನ ದೊಡ್ಡ ಗಾಡಿ ತಂದು ಇದನ್ನ ಹಿಂದಕ್ಕೆ ಎಳೆದುಬಿಡ್ತೀನಿ. ನೀನು ಆ ಕಡೆಯಿಂದ ಬೇಲಿ ತೆಗಿ. ನಮ್ಮ ಜಾಗದಲ್ಲಿ ಬಂದು ನಿಮ್ಮ ಜಾಗಕ್ಕೆ ಹೋಗಲಿ. ಕೈಯಾರೆ ಕಿತ್ತುಕೊಡ್ತೀನಿ ಅಂದಿದ್ದೆಯಲ್ಲ?"

ಮಾಸ್ಟರ್ ಹಾರೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಆಕೆ ಜಮೀನಿನ ಆ ತುದಿಯಲ್ಲಿದ್ದ ನಿಂಬೆಗಿಡವನ್ನು ನೋಡುತ್ತಿದ್ದರು. ಗಂಡನ ಮೇಲೆ ಆಕೆಗೆ ಕೋಪ ಬಂದಿದ್ದರೆ ಚೆನ್ನಾಗಿರುತ್ತಿತ್ತು. ಕೋಪ ಬರಲಿಲ್ಲ, ಅಳು ಬಂತು. ಅದನ್ನು ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ಮುಗಿಸಿದರು. ಮಾಸ್ಟರಿಗೆ ಆ ಒಂದು ಕ್ಷಣದಲ್ಲಿ ತಾವು ಎರಡು ಇಂಚಿನಷ್ಟೇ ಉಳಿದಂತೆ ಅನಿಸಿತಂತೆ. ಆಮೇಲೆ ಅವರೇ ಹೇಳಿದ್ದು.

ಅಷ್ಟರಲ್ಲಿ ಓಣಿಯಲ್ಲಿ ಹಾರ್ನು ಕೇಳಿಸತೊಡಗಿತು. ಹಾಲಿನ ವ್ಯಾನು, ಅದರ ಹಿಂದೆ ಮೊಟ್ಟೆಯ ವ್ಯಾನು, ಅದರ ಹಿಂದೆ ರಸ್ತೆ ಇಲಾಖೆಯ ಜೀಪು. ಜೀಪಿನಿಂದ ಮೇಲ್ವಿಚಾರಕರು ಇಳಿದು ಬಂದರು. ಅವರು ನಡೆಯುವಾಗ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಳ್ಳುತ್ತಿದ್ದದ್ದನ್ನು ನೋಡಿದೊಡನೆ ಇವರೂ ನಮ್ಮ ಮಾಸ್ಟರ್ ಗಿರಾಕಿ ಎಂದು ತಿಳಿಯಿತು.

"ಸಾರ್ವಜನಿಕ ರಸ್ತೆಯಲ್ಲಿ ಇದೇನು?"

"ಅರ್ಧ ಮಾತ್ರ ರಸ್ತೆಯಲ್ಲಿದೆ ಸಾಹೇಬ್ರೆ" ಎಂದರು ಮ್ಯಾನೇಜರು.

"ಆ ಅರ್ಧಕ್ಕೇ ನಾನು ಕೇಳ್ತಿರೋದು. ಎಳೆದು ತೆಗೀರಿ, ಇಲ್ಲಾ ಒಂದು ಕಂಬ ಒಡೀರಿ."

"ಕಂಬ ಮುಟ್ಟಬೇಡಿ" ಎಂದರು ಮಾಸ್ಟರ್ ಹೆಂಡತಿ. "ನಮ್ಮಪ್ಪ ಕಟ್ಟಿದ್ದು."

"ಕಂಬ ಯಾಕೆ ಒಡೀಬೇಕು ಸಾಹೇಬ್ರೆ? ಬೇಲಿ ತೆಗೆದ್ರೆ ಆಯ್ತು" ಎಂದು ಷಡ್ಡಕರು ಆ ಊಟದ ದಿನದ ಮಾತನ್ನು ಮೊದಲಿನಿಂದ ಕೊನೆವರೆಗೆ ಒಪ್ಪಿಸಿದರು. ನೂಲಿನಷ್ಟು ತಾಗಿದರೂ ಎಂಬ ಭಾಗವನ್ನು ಎರಡು ಸಲ ಹೇಳಿದರು.

ಮಾಸ್ಟರ್ ಹೆಂಡತಿ ಈ ಹೊತ್ತಿಗೆ ಟ್ರ್ಯಾಕ್ಟರಿನ ಹಿಂದೆ ಹೋಗಿ, ಕಂಬಕ್ಕೆ ಒತ್ತಿದ್ದ ಚಕ್ರವನ್ನು ನೋಡುತ್ತ ನಿಂತಿದ್ದರು. ಗಂಡ ಹೊಲಿದ ಪ್ಯಾಂಟುಗಳ ತುದಿ ಮಡಚಿ ಹೆಮ್ಮಿಂಗ್ ಮಾಡಿಯೇ ಆಕೆಯ ಅರ್ಧ ಆಯುಷ್ಯ ಕಳೆದಿದೆ. ಯಾವುದೇ ವಸ್ತುವನ್ನು ನೋಡಿದರೂ ಅದು ಯಾವ ಕಡೆಗೆ ಮಡಚಿದೆ ಎಂದೇ ಆಕೆಗೆ ಮೊದಲು ಕಾಣುವುದು. ಚಕ್ರದ ನಡುವಿನ ಕಬ್ಬಿಣದ ತಟ್ಟೆಯ ಮೇಲೆ ಕೈಯಾಡಿಸಿ, ಚಾಲಕನನ್ನು ಕರೆದರು.

"ಇದು ಬಟ್ಟಲಿನ ಹಾಗೆ ಒಂದು ಕಡೆ ಉಬ್ಬಿದೆಯಲ್ಲಪ್ಪ. ಇದರಿಂದಲೇ ಟೈರು ಹೊರಗೆ ಬಂದಿರೋದು. ಹೊರಗೆ ಮಡಚಿರೋದನ್ನ ಬಿಚ್ಚಿ ಒಳಗೆ ಮಡಚೋಕೆ ಬರಲ್ವಾ?"

ಚಾಲಕ ತಲೆ ಕೆರೆದುಕೊಂಡ. ತನ್ನ ಕೆಲಸ ಓಡಿಸುವುದು ಮಾತ್ರ ಎಂದ. ಶೋರೂಮಿಗೆ ಫೋನ್ ಮಾಡಿ ಆಕೆಯ ಕೈಗೇ ಕೊಟ್ಟ. ಮಾರಾಟಗಾರನ ದನಿ ಓಣಿಗೆಲ್ಲ ಕೇಳುವಷ್ಟು ದೊಡ್ಡದು.

"ಅಯ್ಯೋ ಅಮ್ಮ, ಅವತ್ತೇ ಹೇಳಿದ್ನಲ್ಲ. ಎಡಗಡೆ ಚಕ್ರ ಬಲಕ್ಕೆ, ಬಲಗಡೆದು ಎಡಕ್ಕೆ ಹಾಕಿದ್ರೆ ಒಳಗೆ ಹೋಗತ್ತೆ, ಅಗಲ ಕಮ್ಮಿ ಆಗತ್ತೆ. ಸರ್ ಆಗ ಸೀಟಿನ ಹೊಲಿಗೆ ನೋಡ್ತಿದ್ರು."

ಎಲ್ಲರೂ ಮಾಸ್ಟರ್ ಕಡೆ ತಿರುಗಿದರು. ಮಾಸ್ಟರ್ ಸೀಟಿನ ಕಡೆ ತಿರುಗಿದರು.

"ಮೆಕ್ಯಾನಿಕ್ಕನ್ನ ಕಳಿಸಿ" ಎಂದು ಆಕೆ ಫೋನ್ ಇಟ್ಟರು.

ಷಡ್ಡಕರು ಒಪ್ಪಲಿಲ್ಲ. "ಅದೆಲ್ಲ ಆಮೇಲೆ. ತಾಗಿದ್ದು ತಾಗಿದ್ದೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಕಂಬದ ಮೇಲೆ ಕರಿ ಗೆರೆ ಬಿದ್ದಿದೆ, ನೋಡಿ. ಮಾತು ಅಂದ್ರೆ ಮಾತು."

"ಇದು ಟ್ರಯಲ್ ಭಾವ" ಎಂದರು ಆಕೆ. "ಟ್ರಯಲ್‌ನಲ್ಲಿ ತಾಗಿದ್ದು ಲೆಕ್ಕಕ್ಕಿಲ್ಲ. ನಮ್ಮ ಅಂಗಡಿಯಲ್ಲಿ ಟ್ರಯಲ್ ನೋಡದೆ ಯಾವುದನ್ನೂ ಕೊಡಲ್ಲ. ಬೇಕಾದ್ರೆ ಸಾಹೇಬರನ್ನ ಕೇಳಿ."

ಮೇಲ್ವಿಚಾರಕರು ಪ್ಯಾಂಟನ್ನು ಮೇಲಕ್ಕೆ ಎಳೆದುಕೊಂಡು ಯೋಚಿಸಿದರು. ಸರ್ಕಾರಿ ಕೆಲಸದಲ್ಲಿ ಇಷ್ಟು ನೇರವಾದ ಪ್ರಶ್ನೆ ಅವರಿಗೆ ಎಂದೂ ಬಂದಿರಲಿಲ್ಲ. "ಅದು ನಿಜ" ಎಂದರು. "ನನ್ನ ಮದುವೆ ಕೋಟಿಗೆ ಟ್ರಯಲ್‌ನಲ್ಲಿ ಒಂದೇ ತೋಳಿತ್ತು. ನಮ್ಮ ಮಾವನೋರು ನೋಡಿ ಗಾಬರಿಯಾದ್ರು. ಆದ್ರೆ ಅದರ ಮೇಲೆ ಯಾರೂ ಮದುವೆ ಮುರೀಲಿಲ್ಲ. ಮೆಕ್ಯಾನಿಕ್ ಬರಲಿ. ಅಲ್ಲಿವರೆಗೆ ರಸ್ತೆ ದುರಸ್ತಿಯಲ್ಲಿದೆ ಅಂತ ತಿಳ್ಕೊಳ್ಳಿ."

ಹಾಲಿನವರು ಕ್ಯಾನು ಇಳಿಸಿ ಗಿರಾಕಿಗಳನ್ನು ಅಲ್ಲಿಗೇ ಕರೆಸಿಕೊಂಡರು. ಮೆಕ್ಯಾನಿಕ್ ಬಂದು, ಜಾಕ್ ಕೊಟ್ಟು, ಚಕ್ರ ಬಿಚ್ಚಿ, ಅದನ್ನು ಇದಕ್ಕೆ ಇದನ್ನು ಅದಕ್ಕೆ ಹಾಕಿ ಬೋಲ್ಟು ಬಿಗಿದ. ಕೆಲಸ ಸುಲಭದ್ದಲ್ಲ, ಆದರೆ ವಿಶೇಷವಾಗಿ ಹೇಳುವಂಥದ್ದೂ ಅಲ್ಲ. ಟ್ರ್ಯಾಕ್ಟರ್ ಒಳಗೆ ಹೋಯಿತು. ಎರಡೂ ಪಕ್ಕದಲ್ಲಿ ಕೈಬೆರಳು ಆಡುವಷ್ಟು ಜಾಗ ಉಳಿಯಿತು.

"ಮಾರ್ಜಿನ್ ಇದೆ ಅಂತ ನನಗೆ ಮೊದಲೇ ಗೊತ್ತಿತ್ತು" ಎಂದರು ಮಾಸ್ಟರ್.

ಹೆಂಡತಿ ಆಗ ನೋಡಿದ ನೋಟವನ್ನು ನಾನು ವರ್ಣಿಸಲು ಹೋಗುವುದಿಲ್ಲ. ಮಾಸ್ಟರ್ ಆ ನೋಟಕ್ಕೆ ಒಂದೆರಡು ಇಂಚು ತಗ್ಗಿ ನಿಂತರು.

ಒಳಗೆ ಹೋದ ಮೇಲೆ ಮೆಕ್ಯಾನಿಕ್ ಇನ್ನೊಂದು ಮಾತು ಹೇಳಿದ. ಜಮೀನು ಒಂದು ಕಡೆಗೆ ಸ್ವಲ್ಪ ವಾಲಿದೆ, ಚಕ್ರ ಒಳಗಿದ್ದರೆ ಉಳುವಾಗ ಗಾಡಿ ಮಗುಚುವ ಭಯ, ಆದ್ದರಿಂದ ಮತ್ತೆ ಹೊರಗೆ ಹಾಕಿಕೊಡುತ್ತೇನೆ ಎಂದ. ಹಾಕಿಕೊಟ್ಟ. ಅಲ್ಲಿಗೆ ಟ್ರ್ಯಾಕ್ಟರ್ ಜಮೀನಿನ ಒಳಗೆ ಇತ್ತು, ಗೇಟಿನಲ್ಲಿ ಹೊರಗೆ ಬರುವ ಹಾಗಿರಲಿಲ್ಲ. ಇದನ್ನು ಕೇಳಿ ಷಡ್ಡಕರು ಹಾರೆ ಹೆಗಲಿಗೇರಿಸಿ, "ಗಾಡಿ ತಗೊಂಡ್ರೋ, ಗೂಟಕ್ಕೆ ಎಮ್ಮೆ ಕಟ್ಟಿಕೊಂಡ್ರೋ" ಎಂದು ಹೊಟ್ಟೆ ತುಂಬ ನಕ್ಕು ಮನೆಗೆ ಹೋದರು.

ಆ ವರ್ಷ ಮಾಸ್ಟರ್ ಹೆಂಡತಿ ತಾವೇ ಟ್ರ್ಯಾಕ್ಟರ್ ಓಡಿಸಿದರು. ಹೊಲಿಗೆ ಯಂತ್ರ ತುಳಿದ ಕಾಲಿಗೆ ಪೆಡಲ್ ಹೊಸದಲ್ಲ. ಸಾಲುಗಳು ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಬಂದವು. ಗಿಡಗಳ ಮಧ್ಯೆ ತಿರುಗಿಸುವಾಗ ಮಾತ್ರ ಗಾಡಿ ಒಂದು ಸೈಜ್ ದೊಡ್ಡದೇ ಎಂದು ತಿಳಿಯುತ್ತಿತ್ತು. ಪ್ರತಿ ತಿರುವಿನಲ್ಲೂ ಆಕೆ ಅದನ್ನು ಗಂಡನಿಗೆ ಕೇಳುವಂತೆ ಹೇಳುತ್ತಿದ್ದರು. ಮಾಸ್ಟರ್ ಬದುವಿನ ಮೇಲೆ ಕೂತು, ಸೀಟಿನ ಮೂಲೆಗೆ ಎರಡನೇ ಹೊಲಿಗೆ ಯಾವಾಗ ಹಾಕುವುದು ಎಂದು ಯೋಚಿಸುತ್ತಿದ್ದರು. ಬೇಲಿ ಇದ್ದಲ್ಲೇ ಇತ್ತು. ನಿಂಬೆಗಿಡವೂ ಈಚೆಗೇ ಉಳಿಯಿತು.

ಮುಂದಿನ ವರ್ಷ ಅಕ್ಕ ಒಂದು ಮಧ್ಯಾಹ್ನ ತಂಗಿಯ ಅಂಗಡಿಗೆ ಬಂದು ಕೂತರು. ಷಡ್ಡಕರು ಹಿಂದೆ ನಿಂತರು. ಅವರೂ ತಮ್ಮ ಅರ್ಧದಲ್ಲಿ ಹಣ್ಣಿನ ಸಸಿಗಳನ್ನು ಒತ್ತೊತ್ತಾಗಿ ನೆಟ್ಟಿದ್ದರು. ಈಗ ಕಳೆ ಮೊಣಕಾಲಿಗೆ ಬಂದಿತ್ತು. ದೊಡ್ಡ ಟ್ರ್ಯಾಕ್ಟರ್ ಸಾಲಿನೊಳಗೆ ಇಳಿದರೆ ಕಳೆಯ ಜೊತೆ ಸಸಿಯೂ ಹೋಗುತ್ತದೆ.

"ನಿಮ್ಮ ಚಿಕ್ಕ ಗಾಡಿ ಒಂದೆರಡು ದಿನಕ್ಕೆ ಕೊಟ್ಟಿದ್ರೆ..." ಎಂದರು ಅಕ್ಕ.

"ಅದಕ್ಕೇನು ಅಕ್ಕ, ತಗೊಂಡು ಹೋಗಿ. ಆದ್ರೆ ಗೇಟಲ್ಲಿ ಬರಲ್ವಲ್ಲ" ಎಂದರು ತಂಗಿ, ಸೂಜಿಗೆ ದಾರ ಪೋಣಿಸುತ್ತ. "ಮೆಕ್ಯಾನಿಕ್ ಬಂದು ಚಕ್ರ ಬಿಚ್ಚಬೇಕು, ಹಾಕಬೇಕು. ನಿಮ್ಮ ಕಡೆ ಹೋದ್ಮೇಲೆ ಮತ್ತೆ ಬಿಚ್ಚಬೇಕು. ಅಷ್ಟೆಲ್ಲ ಯಾಕೆ? ಬೇಲಿ ತೆಗೆದ್ರೆ ಆಯ್ತು."

ಷಡ್ಡಕರು ಗಂಟಲು ಸರಿಮಾಡಿಕೊಂಡರು. ಬೇರೆ ದಾರಿ ಇದೆಯೇ ಎಂದು ಸೂರು ನೋಡಿದರು. ಇರಲಿಲ್ಲ.

"ನಾನೇ ತೆಗೀತೀನಿ" ಎಂದು ಮಾಸ್ಟರ್ ಕತ್ತರಿ ಕೆಳಗಿಟ್ಟು ಎದ್ದರು. "ಕೈಯಾರೆ ಕಿತ್ತುಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ. ಬಾಕಿ ಉಳಿದುಬಿಟ್ಟಿದೆ."

ಬೇಲಿ ಬಿಚ್ಚಿತು, ಟ್ರ್ಯಾಕ್ಟರ್ ಆಚೆ ಹೋಯಿತು, ಕಳೆ ಹೋಯಿತು, ಸಸಿ ಉಳಿಯಿತು, ಟ್ರ್ಯಾಕ್ಟರ್ ಈಚೆ ಬಂತು. ಕಿತ್ತವರೇ ಹಾಕಬೇಕಲ್ಲ, ಬೇಲಿಯನ್ನು ಮಾಸ್ಟರೇ ಹಾಕಿದರು. ಟೇಪಿನ ಮೊಂಡು ತುದಿಯನ್ನು ಹೆಂಡತಿ ಹಿಡಿದಿದ್ದರು. ಸಂಜೆ ಷಡ್ಡಕರು ಬಂದು ನೋಡಿದಾಗ ನಿಂಬೆಗಿಡಕ್ಕೂ ಬೇಲಿಗೂ ನಡುವೆ ಚಾಪೆ ಹಾಸಿತ್ತು. ಚಾಪೆಯ ಮೇಲೆ ಅಕ್ಕತಂಗಿ ಇಬ್ಬರೂ ಕೂತು ನಿಂಬೆಹಣ್ಣು ಹಂಚಿಕೊಳ್ಳುತ್ತಿದ್ದರು.

ಷಡ್ಡಕರು ಬೇಲಿಯುದ್ದಕ್ಕೂ ಒಂದು ಸಲ ನಡೆದು ಬಂದರು. ಏನೋ ಹೇಳ ಹೊರಟರು.

"ಬೇಲಿ ಅಂದ್ಮೇಲೆ ಕೈ ಒಂಚೂರು ಆಚೀಚೆ ಆಗತ್ತೆ ಭಾವ" ಎಂದರು ನಾದಿನಿ. "ನಮ್ಮ ನಮ್ಮಲ್ಲಿ ಅದೇನು ದೊಡ್ಡದು."

ಮಾಸ್ಟರ್ ಟೇಪನ್ನು ಸುತ್ತಿ ಕುತ್ತಿಗೆಗೆ ಹಾಕಿಕೊಳ್ಳುತ್ತ, ಅಂಗಡಿಯಲ್ಲಿ ಎಲ್ಲ ಗಿರಾಕಿಗಳಿಗೂ ಹೇಳುವ ಮಾತನ್ನೇ ಹೇಳಿದರು. "ಒಂದು ವರ್ಷ ಹಾಕ್ಕೊಂಡು ನೋಡಿ ಅಣ್ಣ. ಬಿಗಿ ಅನ್ನಿಸಿದ್ರೆ ತನ್ನಿ."